ಕಣ್ಣಿನ ಬಾಯಿಪಾಠ

ಅಕ್ಕ ಬೇಳೆ ಆರಿಸುತ್ತಿದ್ದಳು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಬೆರಳ ತುದಿಯಿಂದ ಬೇಳೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಿದ್ದಳು. ನೇರವಾಗಿ ನೋಡುತ್ತಿರಲಿಲ್ಲ. ಕಾಳು ಹೆಕ್ಕುವ ಕೋಳಿಯ ಹಾಗೆ ತಲೆಯನ್ನು ಪಕ್ಕಕ್ಕೆ ವಾಲಿಸಿ ಕಣ್ಣಂಚಿನಿಂದ ಹುಡುಕುತ್ತಿದ್ದಳು. ಒಂದು ಕಲ್ಲು ಸಿಕ್ಕಿತು. ಅದನ್ನು ಬಾಗಿಲ ಕಡೆ ಎಸೆದಳು. ಪಕ್ಕದಲ್ಲೇ ಇದ್ದ ಇನ್ನೆರಡು ಕಲ್ಲುಗಳ ಮೇಲೆ ಅವಳ ಬೆರಳು ಹಾದುಹೋಯಿತು. ನಿಲ್ಲಲಿಲ್ಲ.

ತಂಗಿ ಎದುರಿಗೆ ಕೂತಿದ್ದಳು. ಅಕ್ಕ ಆರಿಸಿ ಪಾತ್ರೆಗೆ ಸುರಿದ ಬೇಳೆಯನ್ನು ಅವಳು ಸದ್ದಾಗದ ಹಾಗೆ ಇನ್ನೊಂದು ತಟ್ಟೆಗೆ ಬಗ್ಗಿಸಿಕೊಂಡು ಎರಡನೇ ಸಲ ಆರಿಸುತ್ತಿದ್ದಳು. ಎಸೆದರೆ ಕೇಳಿಸುತ್ತದೆ ಎಂದು ಕಲ್ಲುಗಳನ್ನು ಮಡಿಲಲ್ಲಿ ಕೂಡಿಹಾಕುತ್ತಿದ್ದಳು. ಬಟ್ಟೆ ಒಗೆದು ಒಳಗೆ ಬಂದ ಅಮ್ಮ ಇಬ್ಬರನ್ನೂ ನೋಡಿದಳು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡುತ್ತಾ ಹೊರಗೆ ಹೋದಳು.

ಅಕ್ಕ ತಟ್ಟೆ ಕೆಳಗಿಟ್ಟಳು.

"ಮತ್ತೆ ಆರಿಸ್ತಿದೀಯಾ?"

"ಇಲ್ಲ."

"ಸುಳ್ಳು ಹೇಳ್ಬೇಡ ಪುಟ್ಟಿ. ನಿನ್ನ ಮುಖ ಕಾಣಲ್ಲ, ಕೈ ಕಾಣುತ್ತೆ."

ತಂಗಿ ಕೈ ನಿಲ್ಲಿಸಿದಳು.

"ಮುಖ ಎಲ್ಲಿಟ್ಟು ಬಂದೆ ಹೇಳು" ಎಂದು ಅಕ್ಕ ನಕ್ಕಳು. "ಕಿವಿ ಇದೆ, ಜಡೆ ಇದೆ. ನಡುವೆ ಯಾರೋ ಬೂದಿ ಬಳಿದ ಹಾಗಿದೆ. ಒಳ್ಳೇದಾಯ್ತು ಬಿಡು, ನಿನ್ನ ಅಳುಮೋರೆ ನೋಡೋದು ತಪ್ಪಿತು."

ಅಕ್ಕನ ನಗು ಅವಳೊಬ್ಬಳಿಗೇ ಉಳಿಯಿತು.

ಇಬ್ಬರೂ ದುಡಿಯುವುದು ದೀಪದ ಕಾರ್ಖಾನೆಯಲ್ಲಿ. ಆಟದ ಮೈದಾನಕ್ಕೆ, ಬಂದರಿಗೆ, ಆಪರೇಷನ್ ಮಾಡುವ ಕೋಣೆಗೆ ಹೋಗುವ ದೊಡ್ಡ ದೀಪಗಳು ಅಲ್ಲಿ ತಯಾರಾಗುತ್ತವೆ. ಕೂಡಿಸುವ ಕೆಲಸ ಗಂಡಸರದು, ನೋಡುವ ಕೆಲಸ ಹೆಂಗಸರದು. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕಪ್ಪು ಬಳಿದ ಗೂಡುಗಳಿವೆ. ಗೂಡಿಗೊಬ್ಬಳು. ದೀಪ ಉರಿಯುತ್ತಲೇ ಜಾರಿಕೊಂಡು ಬಂದು ಮುಖದ ಮುಂದೆ ನಿಲ್ಲುತ್ತದೆ. ಅದರ ಹೊಟ್ಟೆಯೊಳಗೆ ನೋಡಬೇಕು. ಧೂಳಿನ ಕಣ, ಕೂದಲೆಳೆಯಷ್ಟು ಬಿರುಕು, ಬೆಳಕಿನ ಒಳಗೊಂದು ಕಂದು ಮಚ್ಚೆ, ಏನಾದರೂ ಇದ್ದರೆ ಕೆಂಪು ಗುಂಡಿ ಒತ್ತಬೇಕು. ಇಲ್ಲವಾದರೆ ಹಸಿರು. ಅಷ್ಟರಲ್ಲಿ ಇನ್ನೊಂದು ದೀಪ ಬಂದು ನಿಂತಿರುತ್ತದೆ.

ಈ ಕೆಲಸಕ್ಕೆ ಚುಕ್ಕೆ ನೋಡುವುದು ಎನ್ನುತ್ತಾರೆ.

ಕಪ್ಪು ಕನ್ನಡಕ ಕೊಟ್ಟಿದ್ದಾರೆ. 'ಕನ್ನಡಕವಿಲ್ಲದೆ ದೀಪ ನೋಡಬಾರದು' ಎಂದು ಗೋಡೆಯ ಮೇಲೆ ಬರೆದೂ ಇದೆ. ಆದರೆ ಕನ್ನಡಕ ಹಾಕಿಕೊಂಡರೆ ಮೈದಾನದ ದೀಪವೇ ಮಂಕು ಬುಡ್ಡಿಯಾಗುತ್ತದೆ, ಇನ್ನು ಧೂಳಿನ ಕಣ ಎಲ್ಲಿ ಕಾಣಬೇಕು? ಚುಕ್ಕೆಯಿರುವ ದೀಪ ದಾಟಿಹೋಯಿತೋ, ಆ ಗೂಡಿನವಳ ಗ್ರಹಚಾರ ಕೆಟ್ಟಿತು. ಹಾಗಾಗಿ ಎಲ್ಲರ ಕನ್ನಡಕವೂ ಹಣೆಯ ಮೇಲೆ. ಹೊರಗಿನಿಂದ ಯಾರಾದರೂ ದೊಡ್ಡವರು ನೋಡಲು ಬಂದಾಗ ಮೇಲ್ವಿಚಾರಕ ಕೆಮ್ಮುತ್ತಾನೆ. ಕೆಮ್ಮು ಕೇಳಿದ ಕೂಡಲೇ ಕನ್ನಡಕಗಳೆಲ್ಲ ಕೆಳಗಿಳಿಯುತ್ತವೆ. ಬಂದವರು ಹೋದ ಮೇಲೆ ಅವನು ಇನ್ನೊಮ್ಮೆ ಕೆಮ್ಮುತ್ತಾನೆ.

ಅವನು ಯಾರ ಜೊತೆ ಮಾತಾಡಿದರೂ ಮುಂಗೈ ನೋಡಿಕೊಂಡೇ ಮಾತಾಡುವವನು. ಹೆಂಗಸರು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. "ಗಡಿಯಾರದ ಹೆಂಡತಿ ಅವನ ಮುಖ ನೋಡಿರ್ತಾಳೋ ಇಲ್ವೋ, ನೆತ್ತಿಯಂತೂ ಚೆನ್ನಾಗಿ ನೋಡಿರ್ತಾಳೆ" ಎಂದು ಅಕ್ಕ ಹೇಳಿದರೆ ಗೂಡಿನಿಂದ ಗೂಡಿಗೆ ನಗು ಹರಿಯುತ್ತಿತ್ತು. ತಂಗಿ ಮಾತ್ರ ನಗುವಾಗಲೂ ಬಾಯಿ ಮುಚ್ಚಿಕೊಳ್ಳುವವಳು. ಶಾಲೆ ಬಿಡಿಸಿದ ವರ್ಷವೇ ಕೆಲಸಕ್ಕೆ ಸೇರಿದವಳು. ಯಾರಾದರೂ ಮಾತಾಡಿಸಿದರೆ ಅಕ್ಕನ ಹಿಂದೆ ಸರಿದು ನಿಲ್ಲುತ್ತಿದ್ದಳು. ಅವಳಿಗೆ ಮೂಗಿ ಎಂದು ಹೆಸರು ಬಿದ್ದಿತ್ತು.

ಮೊದಲೆಲ್ಲ ಆ ಕೋಣೆಯ ಕೊನೆಯಲ್ಲಿ ದಪ್ಪ ಪರದೆ ಕಟ್ಟಿದ ಒಂದು ಮೂಲೆಯಿತ್ತು. ಒಳಗೆ ಎರಡು ಬೆಂಚು, ಕಣ್ಣಿಗೆ ಕೈ ತಂದರೂ ಕಾಣದಷ್ಟು ಕತ್ತಲೆ. ಒಂದು ಕಂತು ದೀಪ ಮುಗಿದ ಮೇಲೆ ಹೋಗಿ ಸ್ವಲ್ಪ ಹೊತ್ತು ಕೂತು ಬರುವುದು ರೂಢಿ. ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಹೆಂಗಸರದೇ ಒಂದು ಮಾತಿತ್ತು. "ಕಣ್ಣು ನೆನೆಹಾಕಿ ಬರ್ತೀನಿ" ಎನ್ನುತ್ತಿದ್ದರು. ಕಾಳು ನೆನೆಹಾಕಿದ ಹಾಗೆ. ಒಳಗೆ ಹೋದಾಗ ಕಣ್ಣಿನ ಮುಂದೆ ಹಸಿರು ನೇರಳೆ ಉಂಡೆಗಳು ಕುಣಿಯುತ್ತಿರುತ್ತಿದ್ದವು. ಒಂದೊಂದಾಗಿ ಕರಗುತ್ತಿದ್ದವು. ಎಲ್ಲ ಕರಗಿದ ಮೇಲೆ ಎದ್ದು ಬರುವುದು. ಕತ್ತಲಲ್ಲಿ ಯಾರೂ ಯಾರ ಮಾತಿಗೂ ನಾಚಬೇಕಾಗಿರಲಿಲ್ಲ. ಮೂಗಿ ಕೂಡ ಅಲ್ಲಿ ಎರಡು ಮಾತಾಡುತ್ತಿದ್ದಳು.

ಒಂದು ದಿನ ಬೆಳಗ್ಗೆ ಬಂದು ನೋಡಿದರೆ ಪರದೆ ಇರಲಿಲ್ಲ. ಬೆಂಚು ಇದ್ದ ಕಡೆ ಕಬ್ಬಿಣದ ಕಪಾಟು, ಅದರ ತುಂಬ ಗಾಜಿನ ಡಬ್ಬಿಗಳು. ಮೇಲೊಂದು ಟ್ಯೂಬ್‌ಲೈಟು.

"ಕಣ್ಣು ಎಲ್ಲಿ ನೆನೆಹಾಕೋಣ ಸಾರ್?" ಎಂದು ಅಕ್ಕ ಕೇಳಿದಳು.

ಗಡಿಯಾರ ಮುಂಗೈ ನೋಡಿದ. "ಕತ್ತಲಲ್ಲಿ ಕೂರೋಕೆ ಸಂಬಳ ಕೊಡ್ತಾರಾ? ಮನೆಗೆ ಹೋಗಿ ನೆನೆಹಾಕು. ರಾತ್ರಿಯೆಲ್ಲ ಕತ್ತಲೆ ಪುಕ್ಕಟೆ."

ಆಗ ಎಲ್ಲರೂ ನಕ್ಕಿದ್ದರು. ಮಾತು ಚೆನ್ನಾಗಿತ್ತು.

ಕಾರ್ಖಾನೆಯಲ್ಲಿ ಕಣ್ಣಿನ ಪರೀಕ್ಷೆಯೂ ಇತ್ತು. ಮೂರು ತಿಂಗಳಿಗೊಮ್ಮೆ ಕಂಪನಿಯ ಡಾಕ್ಟರು ಬರುತ್ತಾನೆ. ಯಾವ ಬಿಸಿಲಿಗೂ ಟೈ ಬಿಚ್ಚದವನು, ಹಾಗಾಗಿ ಅವನು ಟೈ ಡಾಕ್ಟರು. ಊಟದ ಕೋಣೆಯ ಗೋಡೆಗೆ ಅಕ್ಷರಗಳ ರಟ್ಟಿನ ಹಲಗೆ ನೇತುಹಾಕುತ್ತಾರೆ. ಮೇಲೆ ದೊಡ್ಡ ಅಕ್ಷರ, ಕೆಳಕ್ಕೆ ಬಂದಂತೆ ಸಣ್ಣವು. ಕೊನೆಯ ಸಾಲಿನವು ಇರುವೆಯಷ್ಟು. ಗೆರೆಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಕೊನೆಯ ಸಾಲು ಓದಬೇಕು. ಓದಿದರೆ ಗೂಡು ಉಳಿಯಿತು. ತಡವರಿಸಿದರೆ ಅವತ್ತೇ ಸಂಜೆ ಗೇಟಿನ ಹೊರಗೆ. ಕಣ್ಣು ಕಾಣದವಳಿಂದ ಚುಕ್ಕೆ ನೋಡಿಸಲು ಆಗುತ್ತದೆಯೇ ಎನ್ನುತ್ತಿದ್ದರು.

ಆ ಪರೀಕ್ಷೆಯಲ್ಲಿ ಮೊದಲು ಸಿಕ್ಕಿಹಾಕಿಕೊಳ್ಳಬೇಕಾಗಿದ್ದವಳು ಬುಡ್ಡಿ ಚಿಕ್ಕಮ್ಮ. ಎಲ್ಲರಿಗಿಂತ ಹಳಬಳು. ಮನೆಯಲ್ಲಿ ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದಳು, ಕೆಲಸಕ್ಕೆ ಬರುವಾಗ ಅದನ್ನು ಬಟ್ಟೆಗಂಟಿನಲ್ಲಿ ಅಡಗಿಸುತ್ತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಮಕ್ಕಳಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಅವಳು ನೀರಿನ ನಲ್ಲಿಯ ಹತ್ತಿರ ಕೂತು ಅತ್ತಳು.

ಮಾರನೆಯ ದಿನ ಅಕ್ಕ ಸರದಿಯಲ್ಲಿ ಮೊದಲು ಹೋಗಿ ಬಂದಳು. ಬಂದವಳೇ ಚಿಕ್ಕಮ್ಮನ ಕಿವಿಯಲ್ಲಿ ಏನೋ ಊದಿದಳು. ಹಲಗೆಯ ಕೊನೆಯ ಸಾಲು ಗ, ದ, ನ, ಬ, ಸ, ಅ. ಅಕ್ಕ ಅದಕ್ಕೊಂದು ಪದ ಕಟ್ಟಿದ್ದಳು:

"ಗಂಡ ದಂಡ, ನಾದಿನಿ ಬಜಾರಿ, ಸಾಕಪ್ಪ ಅತ್ತೆ."

ಚಿಕ್ಕಮ್ಮ ಅಳುತ್ತಲೇ ನಕ್ಕಳು. ಒಳಗೆ ಹೋಗಿ, ಕಾಣದ ಗೋಡೆಯ ಕಡೆ ಮುಖ ಮಾಡಿ, ಮನಸ್ಸಿನಲ್ಲೇ ಗಂಡನನ್ನೂ ನಾದಿನಿಯನ್ನೂ ಅತ್ತೆಯನ್ನೂ ಸ್ಮರಿಸಿಕೊಂಡು ಆರು ಅಕ್ಷರ ಒಪ್ಪಿಸಿದಳು. ಟೈ ಡಾಕ್ಟರು "ಈ ವಯಸ್ಸಲ್ಲಿ ಎಂಥಾ ಕಣ್ಣಮ್ಮಾ ನಿಮ್ದು!" ಎಂದ. ಆ ಸಂಜೆ ಮನೆಯ ದಾರಿಯುದ್ದಕ್ಕೂ ಹೆಂಗಸರು ಆ ಪದ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ಕಂಪನಿಗೆ ಟೋಪಿ ಹಾಕಿದೆವಲ್ಲ ಎಂಬ ಖುಷಿ ಅವರಿಗೆ.

ಹಲಗೆ ಬದಲಾಗಲೇ ಇಲ್ಲ. ಮೇಲಿನ ಸಾಲುಗಳಿಗೂ ಪದ ಹುಟ್ಟಿದವು. ಹೊಸದಾಗಿ ಸೇರಿದವಳಿಗೆ ಗೂಡು ತೋರಿಸುವ ಮುಂಚೆ ಪದ ಕಲಿಸುವುದು ರೂಢಿಯಾಯಿತು. ವರ್ಷಗಳು ಹೋದವು. ಪರೀಕ್ಷೆಯಲ್ಲಿ ಯಾರೂ ಬೀಳಲಿಲ್ಲ.

ಅಕ್ಕನ ಕಣ್ಣು ಕೆಟ್ಟಿದ್ದು ಗೊತ್ತಾಗಿದ್ದು ಹೀಗೆ.

ಒಂದು ಮಧ್ಯಾಹ್ನ ಅಕ್ಕನ ಗೂಡಿನಲ್ಲಿ ಕೆಂಪು ಗುಂಡಿಯ ಮೇಲೆ ಕೆಂಪು ಗುಂಡಿ. ಬಂದ ದೀಪವನ್ನೆಲ್ಲ ಅವಳು ವಾಪಸು ಕಳಿಸಿದಳು. ಕೂಡಿಸುವ ಕಡೆಯವರು ಒಂದೊಂದೇ ದೀಪದ ಗಾಜು ಬಿಚ್ಚಿದರು, ಒರೆಸಿದರು, ಮುಚ್ಚಿದರು. ಅಕ್ಕ ಮತ್ತೆ ಕೆಂಪು ಒತ್ತಿದಳು. ಗಡಿಯಾರ ಓಡಿ ಬಂದ.

"ಏನಮ್ಮಾ ನಿಂದು? ಇಡೀ ಸಾಲು ನಿಂತುಹೋಗಿದೆ."

"ಎಲ್ಲದರಲ್ಲೂ ಚುಕ್ಕೆ ಇದೆ ಸಾರ್."

"ಎಲ್ಲಿ?"

"ನಡುಮಧ್ಯದಲ್ಲಿ. ಬೂದು ಬಣ್ಣದ್ದು. ಇಷ್ಟಗಲ ಇದೆ, ಕಾಣಲ್ವಾ?"

ಗಡಿಯಾರ ನೋಡಿದ. ಪಕ್ಕದ ಗೂಡಿನವಳನ್ನು ಕರೆದು ತೋರಿಸಿದ. ತಂಗಿಯನ್ನೂ ಕರೆದ. ತಂಗಿ ದೀಪದೊಳಗೆ ನೋಡಿದಳು. ಬೆಳಕು ಬಿಳಿ ಹಾಲಿನ ಹಾಗೆ ಸ್ವಚ್ಛವಾಗಿತ್ತು. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಈಗ ಆ ಚುಕ್ಕೆಯನ್ನು ಗೋಡೆಯ ಮೇಲೂ, ಗಡಿಯಾರನ ಅಂಗಿಯ ಮೇಲೂ, ತನ್ನ ಅಂಗೈಯ ಮೇಲೂ ನೋಡುತ್ತಿದ್ದಳು. ನೋಡಿದ ಕಡೆಯೆಲ್ಲ ಅದು ಮೊದಲೇ ಹೋಗಿ ಕೂತಿರುತ್ತಿತ್ತು.

"ಚುಕ್ಕೆ ದೀಪದಲ್ಲಿಲ್ಲ, ನಿನ್ನ ತಲೇಲಿದೆ" ಎಂದ ಗಡಿಯಾರ.

ಮಾರನೆಯ ದಿನದಿಂದ ಅಕ್ಕ ಬರೀ ಹಸಿರು ಒತ್ತಿದಳು. ಏನು ಬಂದರೂ ಹಸಿರು. ಆ ವಾರ ಹೊರಗಿನಿಂದ ಒಂದು ಗಾಡಿ ದೀಪ ವಾಪಸು ಬಂತು.

ಸರ್ಕಾರಿ ಆಸ್ಪತ್ರೆಗೆ ಇಬ್ಬರೂ ರಜೆ ಹಾಕಿ ಹೋದರು. ಅಲ್ಲಿನ ಕಣ್ಣಿನ ಡಾಕ್ಟರಮ್ಮನಿಗೆ ಅಕ್ಕನಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸಿರಬಹುದು. ಬೆಳಗ್ಗೆಯಿಂದ ಕೂತಲ್ಲಿಂದ ಎದ್ದಿರಲಿಲ್ಲ. ಅಕ್ಕನ ಕಣ್ಣಿಗೆ ಔಷಧ ಹಾಕಿ, ಯಂತ್ರದಲ್ಲಿ ಗಲ್ಲ ಊರಿಸಿ, ಬಹಳ ಹೊತ್ತು ನೋಡಿದಳು.

"ಬೆಸುಗೆ ಕೆಲಸ ಮಾಡ್ತೀರಾ?"

"ಇಲ್ಲ ಮೇಡಂ. ಚುಕ್ಕೆ ನೋಡ್ತೀನಿ." ಅಕ್ಕ ಕೆಲಸವನ್ನು ವಿವರಿಸಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಬರಿಗಣ್ಣಲ್ಲೇನಾ? ದಿನವಿಡೀ?"

"ಮೊದ್ಲು ನಡುನಡುವೆ ಕತ್ತಲಲ್ಲಿ ಕೂರ್ತಿದ್ವಿ. ಈಗ ಅದನ್ನ ತೆಗೆದುಬಿಟ್ರು."

"ನೋಡಿ, ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಒಂದು ಪರದೆ ಇರುತ್ತೆ. ಅದರಲ್ಲಿ ಬೆಳಕು ಹಿಡಿಯೋ ಕೋಶಗಳು ಭತ್ತದ ಸಸಿ ಹಾಗೆ ಒತ್ತೊತ್ತಾಗಿ ನಿಂತಿರ್ತವೆ. ಬೆಳಕು ಬಿದ್ದು ಬಿದ್ದು ಅವುಗಳ ತುದಿ ಸವೆಯುತ್ತೆ. ಸವೆದ ತುದಿ ಉದುರುತ್ತೆ, ಬುಡದಲ್ಲಿರೋ ಇನ್ನೊಂದು ಜಾತಿ ಕೋಶ ಅದನ್ನ ತಿಂದು ಜಾಗ ಚೊಕ್ಕಟ ಮಾಡುತ್ತೆ, ಹೊಸ ತುದಿ ಬೆಳೆಯುತ್ತೆ. ಇದು ಎಲ್ಲರ ಕಣ್ಣಲ್ಲೂ ದಿನಾ ನಡೀತಾ ಇರುತ್ತೆ. ಆದರೆ ಅದಕ್ಕೆ ಬಿಡುವು ಬೇಕು."

"ಕಣ್ಣಿಗೂ ಬಿಡುವು ಬೇಕಾ!" ಎಂದಳು ಅಕ್ಕ. "ನಮಗೇ ಕೊಡಲ್ಲ ಮೇಡಂ."

ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ದೀಪದ ಬೆಳಕು ತುಂಬಾ ಜಾಸ್ತಿ. ಅಷ್ಟು ಬಿದ್ದಾಗ ಕೋಶ ವಿಷ ಕುಡಿದ ಹಾಗಾಗುತ್ತೆ. ಪಕ್ಕದಲ್ಲಿರೋ ಕೋಶಗಳಿಗೆ ಅದು ಗೊತ್ತಾಗುತ್ತೆ. ಅವು ಸುಮ್ನಿರಲ್ಲ. ಒಂದು ಥರ ರಸ ಬಿಟ್ಟು, ಸಾಯ್ತಿರೋದನ್ನ ಬದುಕಿಸೋಕೆ ನೋಡ್ತವೆ. ಒಂದು ಸಲ, ಎರಡು ಸಲ ಬದುಕಿಸ್ತವೆ. ದಿನಾ ಹೀಗೇ ಆದ್ರೆ ಚೊಕ್ಕಟ ಮಾಡೋ ಕೋಶವೂ ಸಾಯುತ್ತೆ. ಆಮೇಲೆ ಪಕ್ಕದವು ಬಂದು ಖಾಲಿ ಜಾಗ ಮುಚ್ಚಿಕೊಳ್ತವೆ. ಸುಟ್ಟಗಾಯ ಮಾಯ್ದ ಮೇಲೆ ಕಲೆ ಉಳಿಯುತ್ತಲ್ಲ, ಹಾಗೆ. ಆ ಕಲೆಗೆ ನೋಡೋಕೆ ಬರಲ್ಲ."

"ಮತ್ತೆ ಹುಟ್ಟಲ್ವಾ?"

"ಸತ್ತಿದ್ದು ಹುಟ್ಟಲ್ಲ."

ಕೋಣೆಯ ಹೊರಗೆ ಯಾರೋ ಸರದಿಗಾಗಿ ಜಗಳವಾಡುತ್ತಿದ್ದರು. ಅಕ್ಕ ತನ್ನ ಕೈಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದಳು.

"ನಡುವೆ ಸತ್ತುಹೋಗಿದೆ" ಎಂದಳು ಡಾಕ್ಟರಮ್ಮ. "ಅಂಚಿನಲ್ಲಿರೋವು ಇನ್ನೂ ಉಸಿರು ಹಿಡ್ಕೊಂಡಿವೆ. ಇವತ್ತಿಂದಲೇ ದೀಪ ಬಿಟ್ರೆ ಅವು ಉಳಿದರೂ ಉಳೀಬಹುದು. ಉಳಿದರೆ ನಡೆದಾಡಬಹುದು, ಅಡುಗೆ ಮಾಡಬಹುದು. ಬಿಡದೇ ಇದ್ರೆ..." ಅವಳು ತಂಗಿಯ ಕಡೆ ತಿರುಗಿದಳು. "ನೀವೂ ಅದೇ ಕೆಲಸಾನಾ?"

ತಂಗಿ ತಲೆಯಾಡಿಸಿದಳು.

"ನಿಮ್ಮಲ್ಲಿ ಎಷ್ಟು ಜನ ಇದ್ದೀರಿ?"

ತಂಗಿ ಗೂಡುಗಳನ್ನು ಮನಸ್ಸಿನಲ್ಲೇ ಎಣಿಸಲು ಹೊರಟಳು. ಎಣಿಕೆ ಮುಗಿಯುವ ಮುಂಚೆ ಬಾಗಿಲು ತೆರೆದು ಮುಂದಿನ ರೋಗಿ ಒಳಗೆ ಬಂದ.

ಅಕ್ಕ ಕಾರ್ಖಾನೆಯ ಆಫೀಸಿಗೆ ಹೋಗಿ ಕೇಳಿದ್ದು ದೊಡ್ಡ ವಿಷಯವೇನೂ ಅಲ್ಲ. ಡಬ್ಬಿಗೆ ತುಂಬುವ ಕಡೆ ಕೆಲಸ ಕೊಡಿ, ಅಲ್ಲಿ ಕೈಯಿದ್ದರೆ ಸಾಕು. ಮೂಲೆಯ ಪರದೆ ಮತ್ತೆ ಕಟ್ಟಿಸಿ, ಉಳಿದವರ ಕಣ್ಣಾದರೂ ಉಳಿಯಲಿ. ಇಷ್ಟೇ. ತಂಗಿ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ಒಳಗೆ ಮ್ಯಾನೇಜರು, ಗಡಿಯಾರ, ಟೈ ಡಾಕ್ಟರು.

"ನಮ್ಮ ದೀಪದಿಂದ ಕಣ್ಣು ಹೋಯ್ತು ಅಂತ ಹೇಗೆ ಹೇಳ್ತೀಯಮ್ಮಾ?" ಮ್ಯಾನೇಜರರ ದನಿ ಮೆತ್ತಗಿತ್ತು. "ಮನೇಲಿ ಮೊಬೈಲ್ ನೋಡಿರ್ತೀಯ, ಬಿಸಿಲು ನೋಡಿರ್ತೀಯ."

"ಬಿಸಿಲು ನೋಡೋಕೆ ಎಲ್ಲಿ ಬಿಡ್ತೀರಾ ಸಾರ್? ಹೊತ್ತು ಹುಟ್ಟೋ ಮುಂಚೆ ಒಳಗೆ, ಮುಳುಗಿದ ಮೇಲೆ ಹೊರಗೆ. ಸರ್ಕಾರಿ ಡಾಕ್ಟರು ಹೇಳಿದ್ದಾರೆ."

"ಅವರು ಸಾವಿರ ಹೇಳ್ತಾರೆ. ನಮ್ಮ ಡಾಕ್ಟರು ಏನಂತಾರೆ?"

ಟೈ ಡಾಕ್ಟರು ಗಂಟಲು ಸರಿಮಾಡಿಕೊಂಡ. "ಹೋದ ಪರೀಕ್ಷೇಲಿ ಈಕೆ ಕೊನೆ ಸಾಲು ಪೂರ್ತಿ ಓದಿದಾರೆ. ಎರಡೂ ಕಣ್ಣಲ್ಲಿ. ಈಕೆ ಒಬ್ಬರೇ ಅಲ್ಲ, ಎಲ್ಲರೂ ಓದಿದಾರೆ. ದೀಪದಿಂದ ಕಣ್ಣು ಹಾಳಾಗೋದು ನಿಜವಾದ್ರೆ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಫೇಲಾಗ್ಬೇಕಿತ್ತಲ್ಲ?"

ತಂಗಿ ಬಾಗಿಲಿಗೆ ಇನ್ನೂ ಹತ್ತಿರ ಸರಿದಳು. ಅಕ್ಕ ಈಗ ಏನು ಹೇಳುತ್ತಾಳೆ?

"ಓದಲಿಲ್ಲ ಸಾರ್" ಎಂದಳು ಅಕ್ಕ. "ಒಪ್ಪಿಸಿದೆ. ಬಾಯಿಪಾಠ."

"ಅಂದ್ರೆ?"

"ಅಂದ್ರೆ ನನಗೆ ಮೊದಲ ಸಾಲೂ ಕಾಣ್ತಿರಲಿಲ್ಲ."

"ಅಂದ್ರೆ ಕಂಪನಿಗೆ ಮೋಸ ಮಾಡಿದೆ." ಮ್ಯಾನೇಜರರ ದನಿ ಇನ್ನೂ ಮೆತ್ತಗೇ ಇತ್ತು. "ಅವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಿದೀಯ ಅಂತ ಯಾಕೆ ನಂಬಬೇಕು?"

ಗಡಿಯಾರ ನಡುವೆ ಬಾಯಿಹಾಕಿದ. "ನೀನೊಬ್ಳೇನಾ? ಇನ್ಯಾರ್ಯಾರಿಗೆ ಬಾಯಿಪಾಠ? ಹೆಸರು ಹೇಳು. ಡಬ್ಬಿ ತುಂಬೋ ಕೆಲಸ ಕೊಡ್ಸೋಣ."

ತಂಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನಾನೊಬ್ಳೇ" ಎಂದಳು ಅಕ್ಕ.

ಹೊತ್ತು ಮುಳುಗುವ ಮುಂಚೆಯೇ ಅವಳನ್ನು ಗೇಟಿನ ಹೊರಗೆ ಬಿಟ್ಟರು. ಮೋಸ ಮಾಡಿದ್ದಕ್ಕಾಗಿ ಎಂದು ಎಲ್ಲರಿಗೂ ಕೇಳುವಂತೆ ಗಡಿಯಾರ ಸಾರಿದ. ತಂಗಿ ಗೂಡಿಗೆ ವಾಪಸು ಹೋಗಬೇಕಾಯಿತು. ಮನೆಯಲ್ಲಿ ಈಗ ಅವಳೊಬ್ಬಳದೇ ದುಡಿಮೆ.

ಆ ರಾತ್ರಿ ಅಕ್ಕ ಗೋಡೆಗೊರಗಿ ಕೂತು ಹೇಳಿದಳು. "ಅವರಿಗೆ ಗೊತ್ತಿತ್ತು ಕಣೇ ಪುಟ್ಟಿ. ಒಂದೇ ಹಲಗೇನ ಇಷ್ಟು ವರ್ಷ ಯಾರಾದ್ರೂ ಇಟ್ಕೊಳ್ತಾರಾ? ಯಾರೂ ಫೇಲಾಗದ ಪರೀಕ್ಷೆ ಅವರಿಗೂ ಬೇಕಿತ್ತು. ನಾವು ಅವರಿಗೆ ಟೋಪಿ ಹಾಕಿದ್ವಿ ಅಂತ ಕುಣಿದ್ವಿ. ಆ ಟೋಪೀನ ಹೊಲಿದು ಕೊಟ್ಟವಳು ನಾನೇ." "ಗಂಡ ದಂಡ" ಎಂದಳು. ಮುಂದಕ್ಕೆ ಹೇಳಲಿಲ್ಲ.

ಮಾರನೆಯ ದಿನ ನಲ್ಲಿಯ ಹತ್ತಿರ ಹೆಂಗಸರು ಗುಂಪಾದರು. ಊಟದ ಬಿಡುವು. ಯಾರಿಗೂ ಡಬ್ಬಿ ತೆರೆಯುವ ಮನಸ್ಸಿರಲಿಲ್ಲ.

"ಎಲ್ಲರೂ ಒಟ್ಟಿಗೆ ಹೋಗಿ ನಿಜ ಹೇಳಿಬಿಡೋಣ" ಎಂದಳು ಬುಡ್ಡಿ ಚಿಕ್ಕಮ್ಮ. "ಆ ಹುಡುಗಿ ನನ್ನಿಂದ ಹಾಳಾದ್ಲು."

"ಹೇಳಿ? ಎಲ್ಲರೂ ಒಟ್ಟಿಗೆ ಗೇಟಿನ ಹೊರಗೆ ಹೋಗೋಣ್ವಾ?" ಎಂದು ಒಬ್ಬಳು ರೇಗಿದಳು. ಎದೆಗೆ ಮಗು ಕಟ್ಟಿಕೊಂಡು ಬಂದು, ಕಾವಲುಗಾರನ ಹೆಂಡತಿಯ ಹತ್ತಿರ ಬಿಟ್ಟು ಕೆಲಸ ಮಾಡುವ ಬಾಣಂತಿ ಅವಳು. "ನಿನಗೇನು ಚಿಕ್ಕಮ್ಮಾ, ಇವತ್ತಲ್ಲ ನಾಳೆ ಕೆಲಸ ಬಿಡೋಳು. ನನಗೆ ಈಗ ಹಾಲು ಬತ್ತಿದ್ರೆ ಮಗು ಏನು ಕುಡೀಬೇಕು?"

"ಕಣ್ಣು ಬತ್ತಿದ್ರೆ?"

"ಕಣ್ಣು ನಾಳೆ ಹೋಗುತ್ತೆ. ಕೆಲಸ ಇವತ್ತೇ ಹೋಗುತ್ತೆ."

ಚಿಕ್ಕಮ್ಮ ಎಲ್ಲರನ್ನೂ ನೋಡಿದಳು. "ಯಾರಿಗೆ ಚೆನ್ನಾಗಿ ಕಾಣ್ತಿದೆ, ಕೈ ಎತ್ತಿ ನೋಡೋಣ."

ಒಂದು ಕೈಯೂ ಮೇಲೇಳಲಿಲ್ಲ. ಬಾಣಂತಿಯೂ ಎತ್ತಲಿಲ್ಲ. ನಲ್ಲಿಯ ನೀರು ಬಕೆಟ್ಟು ತುಂಬಿ ಹೊರಗೆ ಹರಿಯುತ್ತಿತ್ತು. ಅದನ್ನು ನಿಲ್ಲಿಸಬೇಕೆಂದೂ ಯಾರಿಗೂ ತೋಚಲಿಲ್ಲ. ಗಂಟೆ ಹೊಡೆಯಿತು. ಒಬ್ಬೊಬ್ಬರಾಗಿ ಗೂಡು ಸೇರಿದರು.

ಒಂದು ಭಾನುವಾರ ಅಮ್ಮ ಹರಿದ ಹೊದಿಕೆ ಹೊಲಿಯಲು ಕೂತಿದ್ದಳು. "ಸೂಜಿಗೆ ದಾರ ಪೋಣಿಸಿಕೊಡೇ" ಎಂದು ತಂಗಿಯ ಕೈಗೆ ಕೊಟ್ಟಳು. ತಂಗಿ ದಾರದ ತುದಿ ನೆನೆಸಿ, ಹೊಸೆದು, ಸೂಜಿ ಎತ್ತಿ ಹಿಡಿದಳು. ದಾರ ಪಕ್ಕಕ್ಕೆ ಹೋಯಿತು. ಇನ್ನೊಮ್ಮೆ. ಮತ್ತೂ ಪಕ್ಕಕ್ಕೆ. ಸೂಜಿಯ ಉದ್ದ ಕಾಣುತ್ತಿತ್ತು, ಹೊಳಪು ಕಾಣುತ್ತಿತ್ತು, ಕಣ್ಣು ಎಲ್ಲಿದೆಯೋ ಅಲ್ಲಿ ಮಾತ್ರ ಮಂಜಿನ ಹಾಗೆ ಏನೋ ಕಟ್ಟಿಕೊಂಡಿತ್ತು. ಅವಳಿಗೆ ತಿಳಿಯದ ಹಾಗೆಯೇ ಅವಳ ತಲೆ ಪಕ್ಕಕ್ಕೆ ವಾಲಿತು.

ಅಮ್ಮ ಸೂಜಿ ಕಸಿದುಕೊಂಡಳು. "ನೀನೂ ಶುರುಮಾಡಿದ್ಯಲ್ಲೇ" ಎಂದಳು. ಆಮೇಲೆ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡಳು.

"ಏನಮ್ಮಾ ಅದು?" ಎಂದು ಅಕ್ಕ ಒಳಗಿನಿಂದ ಕೂಗಿದಳು.

"ಏನಿಲ್ಲ. ಸೂಜಿ ಚುಚ್ತು" ಎಂದಳು ತಂಗಿ.

ಅಂಚಿನಲ್ಲಿರುವವು ಉಸಿರು ಹಿಡಿದುಕೊಂಡಿವೆ ಎಂದಿದ್ದಳು ಡಾಕ್ಟರಮ್ಮ. ತನ್ನ ಕಣ್ಣೊಳಗೂ ಈಗ ಯಾವ ಯಾವವು ಉಸಿರು ಹಿಡಿದು ನಿಂತಿವೆಯೋ ಎಂದು ತಂಗಿ ಯೋಚಿಸಿದಳು. ಪಕ್ಕದವು ಬದುಕಿಸಲು ನೋಡುತ್ತಿರಬಹುದು. ಬೆಳಗಾದರೆ ಅವಳು ಮತ್ತೆ ಅವನ್ನೆಲ್ಲ ಎತ್ತಿಕೊಂಡು ಹೋಗಿ ದೀಪದ ಮುಂದೆ ಹಿಡಿಯಬೇಕು. ಹಿಡಿಯದಿದ್ದರೆ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹಿಡಿದರೆ, ಇನ್ನು ಸ್ವಲ್ಪ ಕಾಲಕ್ಕೆ ಬೇಳೆಯಲ್ಲಿ ಕಲ್ಲು ಹುಡುಕಲು ಯಾರೂ ಉಳಿಯುವುದಿಲ್ಲ.

ಪರೀಕ್ಷೆಯ ದಿನ ಬಂತು. ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಅದೇ ಮೊಳೆಗೆ ಅದೇ ಹಲಗೆ. ಒಂದು ಮೂಲೆ ಹರಿದಿತ್ತು, ಅಂಟುಪಟ್ಟಿ ಹಚ್ಚಿದ್ದರು. ಟೈ ಡಾಕ್ಟರು ಮೇಜಿನ ಮೇಲೆ ಬಾಗಿ ಗುರುತು ಹಾಕುತ್ತಿದ್ದ. ಗಡಿಯಾರ ಬಾಗಿಲಲ್ಲಿ ನಿಂತು ಒಬ್ಬೊಬ್ಬಳನ್ನೇ ಒಳಗೆ ದಬ್ಬುತ್ತಿದ್ದ. ಹೆಂಗಸರ ಸಾಲು ಗೋಡೆಯುದ್ದಕ್ಕೂ ನಿಂತಿತ್ತು.

ಬಾಣಂತಿ ಹೋದಳು. ಒಂದು ಕಣ್ಣು ಮುಚ್ಚಿದಳು. "ಗ, ದ, ನ, ಬ, ಸ, ಅ." ಇನ್ನೊಂದು ಕಣ್ಣು ಮುಚ್ಚಿದಳು. "ಗ, ದ, ನ, ಬ, ಸ, ಅ."

"ಸರಿ. ಮುಂದಿನವರು."

ಇನ್ನೊಬ್ಬಳು. ಮತ್ತೊಬ್ಬಳು. ಕೋಣೆಯಲ್ಲಿ ಅದೇ ಆರು ಅಕ್ಷರ ಸುತ್ತುತ್ತಿದ್ದವು. ಯಾರ ಮುಖದಲ್ಲೂ ನಗುವಿರಲಿಲ್ಲ.

"ಏ ಮೂಗೀ, ಹೋಗು" ಎಂದ ಗಡಿಯಾರ.

ತಂಗಿ ಗೆರೆಯ ಹತ್ತಿರ ಹೋಗಿ ನಿಂತಳು. ಹಲಗೆಯ ಮೇಲ್ಗಡೆಯ ದೊಡ್ಡ ಅಕ್ಷರ ಕಂಡಿತು. ಅದರ ಕೆಳಗೆ ಬೂದಿ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಬೆನ್ನು ಬೆವೆತಿತು. ಬಾಯಿಗೆ ಮೊದಲ ಅಕ್ಷರ ಬಂದೂ ಆಗಿತ್ತು.

ಅವಳು ತಿರುಗಿ ನಿಂತಳು. ಹಲಗೆಗೆ ಬೆನ್ನು, ಹೆಂಗಸರ ಸಾಲಿಗೆ ಮುಖ. ಕಣ್ಣು ಮುಚ್ಚಿದಳು. ಎರಡನ್ನೂ. ಮೇಲಿನ ಸಾಲಿನಿಂದ ಶುರುಮಾಡಿ ಒಂದೂ ಅಕ್ಷರ ಬಿಡದೆ ಕೆಳಗಿನ ಸಾಲಿನವರೆಗೆ ಹೇಳಿದಳು. "ಗ. ದ. ನ. ಬ. ಸ. ಅ."

"ಸರಿ" ಎಂದ ಟೈ ಡಾಕ್ಟರು. ತಲೆಯೆತ್ತಲಿಲ್ಲ. ಗುರುತು ಹಾಕಿದ. "ಮುಂದಿನವರು."

ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಗಡಿಯಾರನಿಗೆ ಎಲ್ಲ ಕಂಡಿತ್ತು. "ಆಯ್ತಲ್ಲ, ಸರಿ ಆಚೆ" ಎಂದು ಹಲ್ಲು ಕಚ್ಚಿದ. ತಂಗಿ ಸರಿಯಲಿಲ್ಲ.

ಮುಂದಿನವಳು ಬುಡ್ಡಿ ಚಿಕ್ಕಮ್ಮ. ಅವಳು ಬಂದು ತಂಗಿಯ ಪಕ್ಕ ನಿಂತಳು. ಗಂಟು ಬಿಚ್ಚಿದಳು. ಇಷ್ಟು ವರ್ಷ ಅಡಗಿಸಿಟ್ಟಿದ್ದ ಕನ್ನಡಕವನ್ನು ತೆಗೆದು, ಡಾಕ್ಟರು ಬರೆಯುತ್ತಿದ್ದ ಕೈಯ ಪಕ್ಕದಲ್ಲೇ ಟಪ್ಪೆಂದು ಇಟ್ಟಳು. ಆಮೇಲೆ ಅವಳೂ ಹಲಗೆಗೆ ಬೆನ್ನು ಹಾಕಿದಳು.

"ಗಂಡ ದಂಡ" ಎಂದಳು ಗಟ್ಟಿಯಾಗಿ. "ನಾದಿನಿ ಬಜಾರಿ. ಸಾಕಪ್ಪ ಅತ್ತೆ. ನನ್ನದೂ ಸರೀನಾ ಡಾಕ್ಟ್ರೇ?"

ಟೈ ಡಾಕ್ಟರು ಈಗ ತಲೆಯೆತ್ತಿದ. ದಪ್ಪ ಗಾಜಿನ ಕನ್ನಡಕವನ್ನು ನೋಡಿದ. ಎರಡು ಬೆನ್ನುಗಳನ್ನು ನೋಡಿದ.

"ಏನಿದು ನಾಟಕ?" ಎಂದು ಗಡಿಯಾರ ಮುಂದೆ ಬಂದ. "ನಿಮ್ಮಿಬ್ಬರಿಗೂ ಗೇಟಿನ ದಾರಿ ಗೊತ್ತಲ್ಲ?"

ತಂಗಿ ಡಾಕ್ಟರ ಕಡೆ ತಿರುಗಿದಳು. ಅವನ ಮುಖ ಸರಿಯಾಗಿ ಕಾಣಲಿಲ್ಲ. ಟೈ ಕಾಣುತ್ತಿತ್ತು. ಜೀವಮಾನದಲ್ಲೇ ಅವಳು ಇಷ್ಟು ಜನರ ಎದುರು ಬಾಯಿ ತೆರೆದಿರಲಿಲ್ಲ. ದನಿ ನಡುಗಿತು, ಆದರೆ ಕೋಣೆಯ ಕೊನೆಯವರೆಗೂ ಕೇಳಿಸಿತು.

"ಬೇರೆ ಹಲಗೆ ಹಾಕಿ ಸಾರ್."

ಡಾಕ್ಟರು ಗಡಿಯಾರನನ್ನು ನೋಡಿದ. ಗಡಿಯಾರ ಮುಂಗೈ ನೋಡಿಕೊಂಡ. ಸಾಲಿನಲ್ಲಿದ್ದವರು ನೆಲ ನೋಡುತ್ತಿದ್ದರು. ಬಾಣಂತಿ ಬಾಗಿಲವರೆಗೆ ಹೋಗಿದ್ದವಳು ಅಲ್ಲೇ ನಿಂತಿದ್ದಳು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ನಾವು ಯಾವತ್ತೂ ನೋಡದೇ ಇರೋ ಹಲಗೆ ಹಾಕಿ" ಎಂದಳು ತಂಗಿ. "ಒಂದೇ ಒಂದು ಸಲ ಹಾಕಿ ನೋಡಿ ಸಾರ್."